ಒಂದು ಕಣ್ಣಿನ ಹುಳಿ

ನಾನು ಹೊಟ್ಟೆಪಾಡಿಗಾಗಿ ಚಿಪ್ಸು ತಿನ್ನುವವಳು. ಹೀಗೆಂದ ಕೂಡಲೇ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಸೊಂಟದ ಸುತ್ತಳತೆಯನ್ನು ಕಣ್ಣಲ್ಲೇ ಅಳೆಯುತ್ತಾರೆ, ಕೊನೆಗೆ ದನಿ ತಗ್ಗಿಸಿ, "ನಿಮ್ಮಲ್ಲಿ ಕೆಲಸ ಏನಾದ್ರೂ ಖಾಲಿ ಇದೆಯಾ?" ಎಂದು ಕೇಳುತ್ತಾರೆ. ಖಾಲಿ ಇಲ್ಲ. ಇದ್ದರೂ ಅವರು ಒಂದು ವಾರ ನಿಲ್ಲುವುದಿಲ್ಲ. ದಿನಕ್ಕೆ ಅರವತ್ತು ಚಿಪ್ಸು. ಒಂದೊಂದನ್ನೂ ಅಗಿದು, ಒಂದೊಂದರ ಬಗ್ಗೆಯೂ ಕಾಗದದ ಮೇಲೆ ಬರೆದು, ನೀರು ಮುಕ್ಕಳಿಸಿ, ಒಣ ಬ್ರೆಡ್ಡಿನ ತುಂಡು ಜಗಿದು, ಮತ್ತೆ ಮುಂದಿನದು. ಮೂರನೆಯ ದಿನಕ್ಕೆ ತುಟಿಯ ಮೂಲೆ ಬಿರಿಯುತ್ತದೆ. ನಾಲ್ಕನೆಯ ದಿನ ಮನೆಯಲ್ಲಿ ಯಾರಾದರೂ ಆಲೂಗಡ್ಡೆಯ ಹೆಸರೆತ್ತಿದರೆ ಮೈ ಉರಿಯುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಏಳು ರುಚಿಯ ಚಿಪ್ಸು ಮಾಡುತ್ತೇವೆ. ಹೆಸರು ಬಂದಿದ್ದು ಮಾತ್ರ ಒಂದರಿಂದಲೇ, ನೀಲಿ ಪೊಟ್ಟಣದ ಉಪ್ಪು-ವಿನೆಗರ್. ಅದರ ತೀರ್ಪುಗಾರರು ನಾವು ಐದು ಜನ, ಐವರಿಗೂ ಮುಖ್ಯಸ್ಥೆ ನಾನು. ನಾನು 'ಸರಿ' ಎಂದು ಸಹಿ ಹಾಕದೆ ಒಂದು ಪೊಟ್ಟಣವೂ ಗೇಟು ದಾಟುವುದಿಲ್ಲ. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಬರಲಿ. ಮುಖ್ಯಸ್ಥೆಯಾಗಿಯೇ ಹನ್ನೊಂದು ವರ್ಷ ನಾಲಿಗೆ ಸುಲಿಸಿಕೊಂಡವಳಿಗೆ ಅಷ್ಟಾದರೂ ಬೇಡವೇ?

ನಮ್ಮ ರುಚಿ ಕೋಣೆಯನ್ನು ನೀವು ನೋಡಬೇಕು. ಬಿಳಿ ಟೈಲಿನ ಗೋಡೆ, ಒಂದೇ ಒಂದು ಕೆಂಪು ಬಲ್ಬು. ಚಿಪ್ಸು ಹೊಂಬಣ್ಣಕ್ಕಿದೆಯೋ ಕಂದಿದೆಯೋ ಕಾಣಬಾರದು, ಕಂಡರೆ ನಾಲಿಗೆ ಕಣ್ಣಿನ ಮಾತು ಕೇಳಿಬಿಡುತ್ತದೆ. ಗೋಡೆಗೆ ತಾಗಿದಂತೆ ಐದು ಗೂಡು, ನಡುನಡುವೆ ಹಲಗೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಎದುರಿನ ಕಿಂಡಿಯಿಂದ ಎರಡು ಬಟ್ಟಲು ಒಳಗೆ ಬರುತ್ತವೆ. ಒಂದರಲ್ಲಿ ಇವತ್ತು ಕರಿದದ್ದು, ಇನ್ನೊಂದರಲ್ಲಿ ಹೋದ ತಿಂಗಳು ನಾವೇ ಒಪ್ಪಿದ ಪೊಟ್ಟಣದ್ದು. ಬಟ್ಟಲ ಮೇಲೆ ಮೂರಂಕಿಯ ಸಂಖ್ಯೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಎರಡಕ್ಕೂ ವ್ಯತ್ಯಾಸ ತಿಳಿಯದಿದ್ದರೆ ಇವತ್ತಿನದು ಪಾಸು. ಚಿಪ್ಸು ಮೂರ್ನಾಲ್ಕು ತಿಂಗಳಿಗೆ ಕಮಟು ಹಿಡಿಯುವುದರಿಂದ ಅದಕ್ಕಿಂತ ಹಳೆಯದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹೋದ ತಿಂಗಳಿನದೇ ನಮ್ಮ ಅಳತೆಗೋಲು.

ಹೀಗೆ ಹೋಲಿಸುವ ಪದ್ಧತಿ ಹಾಕಿಕೊಟ್ಟವರು ನನ್ನ ಅತ್ತೆ. ಗೂಡು, ಹಲಗೆ, ಕೆಂಪು ಬಲ್ಬು ಎಲ್ಲ ನನ್ನವು.

ಅತ್ತೆ ಈ ಕಾರ್ಖಾನೆಯ ಮೊಟ್ಟಮೊದಲ ರುಚಿಗಾರ್ತಿ. ಅವರ ಕಾಲದಲ್ಲಿ ಗೂಡೂ ಇಲ್ಲ, ಕಿಂಡಿಯೂ ಇಲ್ಲ. ಕ್ಯಾಂಟೀನಿನ ದುಂಡು ಮೇಜಿನ ಸುತ್ತ ಎಲ್ಲರೂ ಕೂತು, ನಡುವೆ ತಟ್ಟೆಯಿಟ್ಟು, ಮದುವೆ ಮಾತುಕತೆಗೆ ಬಂದವರ ಹಾಗೆ ತಿನ್ನುವುದು. ಅತ್ತೆ ತಾವು ತಿನ್ನುವುದಕ್ಕಿಂತ ಉಳಿದವರ ಮುಖ ನೋಡುವುದೇ ಹೆಚ್ಚು. ಇದ್ದಕ್ಕಿದ್ದಂತೆ ಮೇಜು ಕುಟ್ಟಿ, "ಏನ್ರೋ, ಎಲ್ಲಾ ಹಾಯಾಗಿ ತಿಂತಾ ಕೂತಿದೀರಲ್ಲ? ಪುಡಿ ಸಾಲ್ದು, ವಾಪಸ್ ಕಳ್ಸಿ!" ಎಂದು ಗದರುತ್ತಿದ್ದರು. ನನಗೆ ಇದು ಬರೀ ಪಂಚಾಯಿತಿ ಅನ್ನಿಸುತ್ತಿತ್ತು. ಅವರು ನಿವೃತ್ತರಾಗಿ ನನ್ನ ಕೈಗೆ ಕೋಣೆ ಬಂದ ಮೊದಲ ತಿಂಗಳೇ ಬಡಗಿಯನ್ನು ಕರೆಸಿ ಹಲಗೆ ಹೊಡೆಸಿದೆ.

ಅಂದ ಹಾಗೆ, ಅತ್ತೆಯಿಂದ ನನಗೆ ಈ ಕೆಲಸ ಸಿಕ್ಕಿತು ಎಂದು ಊರೆಲ್ಲ ಅಂದುಕೊಂಡಿದೆ. ತಪ್ಪು. ಈ ಕೆಲಸದಿಂದ ನನಗೆ ಅತ್ತೆ ಸಿಕ್ಕಿದ್ದು. ಸಂದರ್ಶನಕ್ಕೆ ಹೋದ ದಿನ ಅವರು ನನ್ನ ಮುಂದೆ ಎಂಟು ಲೋಟ ನೀರಿಟ್ಟು, "ಒಂದ್ರಲ್ಲಿ ಉಪ್ಪಿದೆ, ಯಾವ್ದು ಹೇಳಮ್ಮ" ಎಂದಿದ್ದರು. ನಾನು ಆರನೆಯದನ್ನು ತೋರಿಸಿದ್ದೆ. ಕೆಲಸ ಆವತ್ತೇ ಕೊಟ್ಟರು, ಮಗನನ್ನು ಮಾರನೆಯ ವರ್ಷ ಕೊಟ್ಟರು. ಜಾತಕ ಬಿಟ್ಟು ನಾಲಿಗೆ ನೋಡಿ ಸೊಸೆ ತಂದುಕೊಂಡವರು ಅವರೊಬ್ಬರೇ ಇರಬೇಕು.

ಅತ್ತೆ ನಿವೃತ್ತರಾಗಿದ್ದು ವಯಸ್ಸಿನಿಂದಲ್ಲ, ಹಲ್ಲಿನಿಂದ. ಮೇಲಿನ ಹಲ್ಲುಗಳೆಲ್ಲ ಹೋಗಿ ಹಲ್ಲಿನ ಸೆಟ್ಟು ಬಂತು. ಆ ಸೆಟ್ಟು ಅಂಗುಳನ್ನು ಪೂರ್ತಿ ಮುಚ್ಚುತ್ತಿತ್ತು. "ಬಾಯಿಗೆ ಛಾವಣಿ ಹಾಕ್ಸಿದ ಹಾಗಾಯ್ತು ಕಣೆ. ಇನ್ನು ನಾನು ತೀರ್ಪು ಹೇಳಿದ್ರೆ ಅನ್ಯಾಯ" ಎಂದು ತಾವಾಗಿಯೇ ಎದ್ದು ಬಂದರು. ಆದರೂ ರುಚಿ ಕೋಣೆಯ ಗೋಡೆಯ ಮೇಲೆ ನಮ್ಮ ಐವರ ಹೆಸರಿನ ಚೀಟಿಗಳಿಗಿಂತ ಮೇಲೆ ಅವರ ಚೀಟಿ ಹಾಗೇ ಉಳಿಯಿತು. ಹಳದಿ ಬಣ್ಣದ್ದು, ರುಚಿಗಾರರ ಸಂಖ್ಯೆ ಒಂದು. ಕೆಲಸ ಬಿಟ್ಟರೂ ವರ್ಷಕ್ಕೊಂದು ಸಲ ಅವರಿಗೆ ಕರೆ ಬರುತ್ತಿತ್ತು.

ಆ ದಿನವನ್ನು ನಾವು ನೀಲಿ ಪೊಟ್ಟಣದ ಹುಟ್ಟುಹಬ್ಬ ಅನ್ನುತ್ತೇವೆ. ತೀರಿಹೋದ ದೊಡ್ಡ ಯಜಮಾನರು ಶುರುಮಾಡಿದ್ದು. ಅವರಿಗೆ ಒಂದು ಹುಚ್ಚು. ಎಲ್ಲರೂ ಸಾಲಾಗಿ ನಿಂತು, ಒಂದೇ ಸಲ ಒಂದೊಂದು ಚಿಪ್ಸು ಕಚ್ಚಬೇಕು, ಕಚ್ಚಿದ ಗಳಿಗೆಯಲ್ಲೇ ಫೋಟೋ ತೆಗೆಯಬೇಕು. ಫೋಟೋ ತೆಗೆಯುವುದು ನನ್ನ ಗಂಡ. ಅವರದು ಬಸ್ ನಿಲ್ದಾಣದ ಪಕ್ಕ ಒಂದು ಸಣ್ಣ ಸ್ಟುಡಿಯೋ. ಫೋಟೋ ಆದ ಮೇಲೆ ಅತ್ತೆ ಅಗಿದು ನುಂಗಿ, "ಇದೇ" ಅನ್ನುವುದು, ಎಲ್ಲರೂ ಚಪ್ಪಾಳೆ ತಟ್ಟುವುದು. ಆ ಒಂದು ಮಾತಿಗೆ ಅತ್ತೆ ವಾರದಿಂದ ಸಿದ್ಧವಾಗುತ್ತಿದ್ದರು. ಎರಡು ದಿನ ಮೊದಲಿಂದ ಚಹಾ ಕುಡಿಯುವುದಿಲ್ಲ, ಪೌಡರು ಹಾಕಿಕೊಳ್ಳುವುದಿಲ್ಲ, ಮಗ ಸೆಂಟು ಹಾಕಿಕೊಂಡು ಹತ್ತಿರ ಬಂದರೆ ಸಿಡುಕುತ್ತಾರೆ. ನಾನು ಅವರ ಪಕ್ಕದಲ್ಲಿ ನಿಂತು ರಿಜಿಸ್ಟರಿನಲ್ಲಿ 'ಒಪ್ಪಿಗೆ' ಎಂದು ಬರೆಯುತ್ತಿದ್ದೆ. ಎಷ್ಟೋ ಸಲ ಅವರು ಬಾಯಿ ಬಿಡುವ ಮೊದಲೇ ಬರೆದು ಮುಗಿಸಿರುತ್ತಿದ್ದೆ.

ಈ ವರ್ಷವೂ ಹಾಗೇ ಬರೆದೆ. ಅತ್ತೆ ಅಗಿದರು, ನುಂಗಿದರು. ಆಮೇಲೆ, "ಇದಲ್ಲ" ಎಂದರು.

ಇಬ್ಬರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿಬಿಟ್ಟರು. ಯಜಮಾನರು, ಅಂದರೆ ದೊಡ್ಡವರ ಮಗ, ನಗುತ್ತಲೇ, "ಏನಂದ್ರಿ ಅಮ್ಮ?" ಎಂದು ಕೇಳಿದರು. ಅತ್ತೆ ಇನ್ನೊಂದು ಚಿಪ್ಸು ತೆಗೆದುಕೊಂಡು ಕಚ್ಚಿದರು.

"ಇದಲ್ಲ ಕಣಪ್ಪ. ಉಪ್ಪಿದೆ, ಗರಿಗರಿ ಇದೆ. ಹುಳಿ ಎಲ್ಲಿ?"

ಆವತ್ತು ಊರೂರಿನ ಇಪ್ಪತ್ತು ಜನ ಡೀಲರುಗಳು ಬಂದು ಕೂತಿದ್ದರು. ಹಿಂದಿನ ಸಾಲಿನಲ್ಲಿ ಪಿಸುಪಿಸು ಶುರುವಾಯಿತು. ಹನ್ನೊಂದು ವರ್ಷದ ನನ್ನ ಸಹಿ ಅಲ್ಲಿ ನಡು ಸಭೆಯಲ್ಲಿ ನಿಂತಿತ್ತು. ಯೋಚನೆ ಮಾಡುವ ಮೊದಲೇ ಬಾಯಿ ತೆರೆದುಬಿಟ್ಟೆ.

"ಅದೇನಿಲ್ಲ ಸಾರ್. ಅತ್ತೆ ಹೋದ ತಿಂಗಳು ಹೊಸ ಹಲ್ಲು ಕಟ್ಟಿಸ್ಕೊಂಡಿದಾರೆ. ಬಾಯಿಗೂ ಹಲ್ಲಿಗೂ ಇನ್ನೂ ಪರಿಚಯ ಆಗಿಲ್ಲ!"

ಇಡೀ ಕ್ಯಾಂಟೀನು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅತ್ತೆ ನಗಲಿಲ್ಲ. ಉಳಿದಿದ್ದ ಅರ್ಧ ಚಿಪ್ಸನ್ನು ತಟ್ಟೆಯ ಅಂಚಿಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಕರವಸ್ತ್ರಕ್ಕೆ ಒರೆಸಿಕೊಂಡು, "ಮನೆಗೆ ಹೋಗೋಣ್ವೇನೋ" ಎಂದು ಮಗನನ್ನು ಕೇಳಿದರು.

ಡೀಲರುಗಳು ಹೋದ ಮೇಲೆ ಯಜಮಾನರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಕೆಟ್ಟ ಮಾತನ್ನೂ ಮೆತ್ತಗೆ ಆಡುತ್ತಾರೆ. "ಮೇಡಂ, ಅಮ್ಮನಿಗೆ ವಿಶ್ರಾಂತಿ ಕೊಡೋಣ. ಮುಂದಿನ ವರ್ಷದಿಂದ ಅವರನ್ನ ಕರೆಸೋದು ಬೇಡ. ನಿಮ್ಮ ನಿಯಮದ ಪುಸ್ತಕದಲ್ಲೇ ಇದೆಯಲ್ಲ, ಐದು ಜನದಿಂದ ಬೇರೆಯಾದ ನಾಲಿಗೆಯ ಚೀಟಿ ಇಳಿಸ್ಬೇಕು ಅಂತ? ಶುಕ್ರವಾರದೊಳಗೆ ಒಂದು ಸಹಿ ಹಾಕಿ ಕೊಟ್ಬಿಡಿ" ಎಂದರು. ನಿಯಮ ನಾನೇ ಬರೆದದ್ದು. ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ.

ಮನೆಯಲ್ಲಿ ಎರಡು ದಿನ ಅತ್ತೆ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು, ಜಗಳದಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ. ಬುಧವಾರ ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಎಂಟು ಸ್ಟೀಲ್ ಲೋಟಗಳನ್ನು ಸಾಲಾಗಿ ಜೋಡಿಸಿಟ್ಟು, ಕುರ್ಚಿ ಹಾಕಿಕೊಂಡು ಕೂತಿದ್ದರು.

"ನೀರು ತುಂಬ್ಸು. ಯಾವ್ದಾದ್ರೂ ಒಂದಕ್ಕೆ ವಿನೆಗರ್ ಹಾಕು. ನಾನು ಆ ಕಡೆ ತಿರುಗ್ತೀನಿ."

"ಏನತ್ತೆ ಇದು, ಮಕ್ಕಳಾಟ?"

"ಹಾಕೇ ಅಂದ್ರೆ."

ಹಾಕಿದೆ. ಅಳುಕೋ, ಹಟವೋ, ನಾಲ್ಕೇ ನಾಲ್ಕು ಹನಿ ಹಾಕಿದೆ. ಅತ್ತೆ ಒಂದೊಂದು ಲೋಟದಿಂದಲೂ ಒಂದೊಂದು ಗುಟುಕು ಹೀರಿ, ಸಿಂಕಿಗೆ ಉಗಿದು, ಮುಂದೆ ಹೋದರು. ಐದನೆಯ ಲೋಟದ ಹತ್ತಿರ ನಿಂತರು. "ಇದು" ಎಂದರು. ಸರಿಯಾಗಿಯೇ ಇತ್ತು. ಉಳಿದ ಮೂರನ್ನೂ ಬಿಡದೆ ಕುಡಿದು, "ಏಳನೇದನ್ನ ಸರಿಯಾಗಿ ತೊಳ್ದಿಲ್ಲ, ಸೋಪು ಹಾಗೇ ಇದೆ" ಎಂದು ಸೇರಿಸಿದರು. ಆ ಲೋಟ ಬೆಳಿಗ್ಗೆ ತೊಳೆದವಳು ನಾನೇ.

ನಾನು ಅವರೆದುರು ಕೂತೆ. ಹಳೆಯ ಸೆಟ್ಟು ಅಂಗುಳನ್ನು ಮುಚ್ಚುತ್ತಿತ್ತು, ಹೊಸದು ಹಾಗಲ್ಲ, ಹಲ್ಲುಗಳಷ್ಟೇ, ಅಂಗುಳೆಲ್ಲ ಬಯಲು ಎಂದು ಅತ್ತೆ ಬಾಯಿ ತೆರೆದು ತೋರಿಸಿದರು. ಒಂದು ತಿಂಗಳಿಂದ ಅವರಿಗೆ ನಿಂಬೆಹಣ್ಣು ಮತ್ತೆ ನಿಂಬೆಹಣ್ಣಾಗಿತ್ತು, ಮೊಸರು ಮೊಸರಾಗಿತ್ತು.

"ಎಲ್ಲಾ ವಾಪಸ್ ಬಂತು ಕಣೆ. ಚಿಪ್ಸೊಂದು ಬಿಟ್ಟು" ಎಂದರು. ಆಮೇಲೆ ಲೋಟಗಳನ್ನು ಒಂದರೊಳಗೊಂದು ಇಡುತ್ತ, "ಹನ್ನೊಂದು ವರ್ಷದಿಂದ ಏನೋ ಕಮ್ಮಿ ಅಂತ ಅನ್ನಿಸ್ತಾನೇ ಇತ್ತು. ಸೆಟ್ಟು ಬಂತಲ್ಲ, ನನ್ನ ನಾಲಿಗೆ ಸತ್ತೋಯ್ತು ಅಂದ್ಕೊಂಡೆ. ನೀವೈದು ಜನ ಸರಿ ಅಂತೀರಲ್ಲ, ನಾನೂ ಇದೇ ಅಂದೆ. ಮನೆಗೆ ಬಂದು ಅಳ್ತಿದ್ದೆ. ಈ ಸಲ ನಾಲಿಗೆ ಬಂದಿದೆ ಅಂತ ಎಷ್ಟು ಖುಷಿಯಾಗಿ ಬಂದಿದ್ದೆ ಗೊತ್ತಾ? ಹೊಸ ಸೀರೆ ಉಟ್ಕೊಂಡಿದ್ದೆ" ಎಂದರು.

ಆದರೂ ಸೋಲಲಿಲ್ಲ ನಾನು. "ಅತ್ತೆ, ಪ್ರತಿ ತಿಂಗಳೂ ಹಿಂದಿನ ತಿಂಗಳಿನ ಜೊತೆ ಹೋಲಿಸ್ತೀವಿ. ನೀವೇ ಹೇಳ್ಕೊಟ್ಟಿದ್ದು. ಒಂದು ತಿಂಗಳೂ ತಪ್ಪಿಸಿಲ್ಲ. ಹೇಗೆ ಕಮ್ಮಿಯಾಗತ್ತೆ ಹೇಳಿ?"

"ನನಗೇನು ಗೊತ್ತು? ನಾನು ನಾಲಿಗೆ, ನೀನು ಮುಖ್ಯಸ್ಥೆ" ಎಂದು ಎದ್ದುಹೋದರು. ಅವರ ನಾಲಿಗೆ ಸರಿಯಿದೆ ಎಂದು ನನಗೀಗ ಗೊತ್ತಿತ್ತು. ನಮ್ಮದು ಸರಿಯಿಲ್ಲ ಎಂದು ಒಪ್ಪುವ ದಾರಿ ಮಾತ್ರ ಕಾಣಲಿಲ್ಲ, ಕಾಣುವುದು ನನಗೆ ಬೇಕಾಗಿಯೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ನನ್ನ ಗಂಡ ಈ ವರ್ಷದ ಫೋಟೋಗೆ ಚೌಕಟ್ಟು ಹಾಕಿಸಿಕೊಂಡು ಕಾರ್ಖಾನೆಗೆ ಬಂದರು. ರುಚಿ ಕೋಣೆಯಿಂದ ಕ್ಯಾಂಟೀನಿಗೆ ಹೋಗುವ ಉದ್ದನೆಯ ಓಣಿಯಲ್ಲಿ ಇಪ್ಪತ್ತಾರು ವರ್ಷದ ಇಪ್ಪತ್ತಾರು ಫೋಟೋಗಳು ಸಾಲಾಗಿ ತೂಗಾಡುತ್ತವೆ. ಆ ಗೋಡೆಯ ಪಕ್ಕ ನಾನು ದಿನಕ್ಕೆ ಹತ್ತು ಸಲ ಓಡಾಡುತ್ತೇನೆ, ನೋಡುವುದಿಲ್ಲ. ಇವರು ಮೊಳೆ ಹೊಡೆದು, ಇಪ್ಪತ್ತೇಳನೆಯದನ್ನು ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟರು.

"ಹೇಗಿದೆ? ಏಳು ಜನ, ಹದಿನಾಲ್ಕು ಕಣ್ಣು, ಒಂದಾದ್ರೂ ಮುಚ್ಚಿದೆಯಾ ನೋಡು. ಇದಕ್ಕೇ ಅನುಭವ ಅನ್ನೋದು. ಮೊದಮೊದಲು ಎಷ್ಟು ಗೋಳು ಹೊಯ್ಕೊಂಡ್ರಿ ನೀವೆಲ್ಲ! ಎಷ್ಟು ಸಲ ಕ್ಲಿಕ್ ಮಾಡಿದ್ರೂ ಒಬ್ರಾದ್ರೂ ಕಣ್ಣು ಬಿಡ್ತಿರಲಿಲ್ಲ. ನಾನು ಬೆಳಕು ಸರಿಮಾಡ್ತಾ ಮಾಡ್ತಾ, ವರ್ಷದಿಂದ ವರ್ಷಕ್ಕೆ ಹೇಗೆ ಸುಧಾರಿಸ್ತು ನೋಡು" ಎಂದರು.

"ಆಯ್ತು ರೀ, ನಿಮ್ಮ ಬೆನ್ನು ನೀವೇ ತಟ್ಕೊಳ್ಳಿ" ಎಂದು ನಾನು ತಿರುಗಿದವಳು ಹಾಗೇ ನಿಂತುಬಿಟ್ಟೆ.

ಕೊನೆಯ ಫೋಟೋದಿಂದ ಹಿಂದಕ್ಕೆ ನಡೆಯತೊಡಗಿದೆ. ಈ ವರ್ಷ ಹದಿನಾಲ್ಕು ಕಣ್ಣೂ ತೆರೆದಿದ್ದವು. ಹೋದ ವರ್ಷವೂ, ಅದರ ಹಿಂದಿನ ವರ್ಷವೂ. ಐದು ವರ್ಷದ ಹಿಂದೆ ಇಬ್ಬರ ಕಣ್ಣು ಕಿರಿದಾಗಿತ್ತು. ಎಂಟು ವರ್ಷದ ಹಿಂದೆ ನಾಲ್ಕು ಜನರದು ಅರ್ಧ ಮುಚ್ಚಿತ್ತು, ನನ್ನದೂ. ಇನ್ನೂ ಹಿಂದೆ ಹೋದೆ. ಹನ್ನೆರಡನೆಯ ವರ್ಷದ ಫೋಟೋ, ಹತ್ತನೆಯ ವರ್ಷದ ಫೋಟೋ, ಐದನೆಯದು. ಅಲ್ಲಿ ಎಲ್ಲರದೂ ಒಂದೇ ಮುಖ. ಭುಜ ಕಿವಿಗೇರಿದೆ, ತುಟಿ ಸೊಟ್ಟಗಾಗಿದೆ, ಒಂದು ಕಣ್ಣು ಬಿಗಿಯಾಗಿ ಮುಚ್ಚಿದೆ, ಇನ್ನೊಂದು ನೀರಾಡುತ್ತಿದೆ. ಮೊಟ್ಟಮೊದಲ ಫೋಟೋದಲ್ಲಿ ದೊಡ್ಡ ಯಜಮಾನರ ಮುಖ ಹಿಂಡಿದ ನಿಂಬೆಹೋಳಿನ ಹಾಗಿತ್ತು. ಎಲ್ಲರೂ ಹುಳಿಗೆ ನಲುಗಿದ್ದರು, ಎಲ್ಲರೂ ನಗುತ್ತಿದ್ದರು.

ಗಂಡನ ಬೆಳಕಿನಿಂದ ಕಣ್ಣು ತೆರೆದಿರಲಿಲ್ಲ. ಹುಳಿ ಹೋಗಿದ್ದರಿಂದ ತೆರೆದಿದ್ದವು.

ಓಣಿಯಲ್ಲೇ ನಿಂತು ಲೆಕ್ಕ ಬಿಡಿಸಿದೆ. ಹುಳಿ ಜಾಸ್ತಿಯಾದರೆ ನಾಲಿಗೆಗೆ ಚುರುಕ್ ಎನ್ನುತ್ತದೆ, ಕೂಡಲೇ ವಾಪಸ್ ಕಳಿಸುತ್ತೇವೆ. ಕೂದಲೆಳೆಯಷ್ಟು ಕಮ್ಮಿಯಾದರೆ ಯಾರಿಗೂ ತಿಳಿಯುವುದಿಲ್ಲ, ಪಾಸು ಮಾಡುತ್ತೇವೆ. ಪಾಸಾದದ್ದೇ ಮುಂದಿನ ತಿಂಗಳ ಅಳತೆಗೋಲು. ಅದಕ್ಕಿಂತ ಕೂದಲೆಳೆ ಕಮ್ಮಿ ಅದರ ಮುಂದಿನ ತಿಂಗಳು. ಹೀಗೆ ನೂರಮೂವತ್ತು ತಿಂಗಳು. ಯಾರೂ ಮೋಸ ಮಾಡಿರಲಿಲ್ಲ, ಯಾರೂ ಕದ್ದಿರಲಿಲ್ಲ. ಪ್ರತಿ ಸಹಿಯೂ ಪ್ರಾಮಾಣಿಕವಾಗಿಯೇ ಇತ್ತು. ಅತ್ತೆಯ ಕಾಲದಲ್ಲೂ ಇದೇ ಪದ್ಧತಿ ಇತ್ತು, ಆದರೆ ಆಗ ದುಂಡು ಮೇಜಿತ್ತು. ಹಾಯಾಗಿ ತಿನ್ನುವ ಮುಖ ಕಂಡರೆ ಅತ್ತೆ ಮೇಜು ಕುಟ್ಟುತ್ತಿದ್ದರು. ನಾನು ಬಡಗಿಯನ್ನು ಕರೆಸಿ ಮುಖಗಳನ್ನೇ ಮುಚ್ಚಿಸಿದ್ದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಮೊದಲು ಬಂದದ್ದು ನ್ಯಾಯವಲ್ಲ. ಗಂಡನಿಗೆ ಏನೂ ಹೊಳೆದಿಲ್ಲ, ಓಣಿಯಲ್ಲಿ ಬೇರೆ ಯಾರೂ ಇಲ್ಲ, ಚೀಲದಲ್ಲಿ ಕಾಗದವಿದೆ, ಒಂದು ಸಹಿ ಹಾಕಿದರೆ ಹನ್ನೊಂದು ವರ್ಷದ ನನ್ನ ಹೆಸರು ಹಾಗೇ ಉಳಿಯುತ್ತದೆ ಎಂದೇ ಬಂತು. ಪೆನ್ನನ್ನೂ ಹೊರಗೆ ತೆಗೆದೆ. ಆಗ ಅತ್ತೆ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡದ್ದು ನೆನಪಾಯಿತು. ಹೊಸ ಸೀರೆಯ ಕೆಂಪು ಅಂಚೂ ನೆನಪಾಯಿತು. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ನೇರವಾಗಿ ಯಜಮಾನರ ಕೋಣೆಗೆ ನುಗ್ಗಿದೆ. "ಸಾರ್, ಈ ಕಾಗದಕ್ಕೆ ನಾನು ಸಹಿ ಹಾಕಲ್ಲ. ಹಾಕಲೇಬೇಕು ಅಂದ್ರೆ ಅತ್ತೆ ಹೆಸರು ಹೊಡೆದು ನನ್ನ ಹೆಸರು ಬರೆದು ಹಾಕ್ತೀನಿ. ಮೊದಲು ಎದ್ದು ಬನ್ನಿ, ಫೋಟೋ ನೋಡಿ" ಎಂದೆ. ಅವರು ಗಾಬರಿಯಿಂದ ಎದ್ದು ಬಂದರು. ನಾನು ಏನೂ ಹೇಳದೆ ಎಡಗಡೆಯಿಂದ ಬಲಗಡೆಗೆ ನಡೆಸಿದೆ. ಅರ್ಧ ದಾರಿಯಲ್ಲೇ ಅವರ ನಗು ನಿಂತಿತು. ಕೊನೆಯ ಫೋಟೋ ನೋಡಿ ಮತ್ತೆ ಮೊದಲನೆಯದರ ಹತ್ತಿರ ವಾಪಸ್ ಹೋಗಿ ಅಪ್ಪನ ಮುಖದ ಮುಂದೆ ತುಂಬ ಹೊತ್ತು ನಿಂತರು.

"ಡೀಲರುಗಳು ಹೇಳ್ತಾನೇ ಇದ್ರು, ಮೊದಲಿನ ಹಾಗಿಲ್ಲ ಅಂತ. ಹಳೇ ಕಾಲದವರು, ಸುಮ್ನೆ ಹೇಳ್ತಾರೆ ಅಂದ್ಕೊಂಡಿದ್ದೆ" ಎಂದರು. "ಈಗ ಹಳೇ ಹುಳಿ ಎಷ್ಟಿತ್ತು ಅಂತ ತಿಳಿಯೋದು ಹೇಗೆ? ಆಗಿನ ಪೊಟ್ಟಣ ಒಂದೂ ಇಲ್ವಲ್ಲ."

ಪುಡಿ ಬೆರೆಸುವ ಲೆಕ್ಕ ಬರೆದಿಟ್ಟ ಪುಸ್ತಕವೂ ಕೆಲಸಕ್ಕೆ ಬರುತ್ತಿರಲಿಲ್ಲ. ವಿನೆಗರ್ ಪುಡಿ ಹೊರಗಿನಿಂದ ಬರುತ್ತದೆ, ಒಂದೊಂದು ಮೂಟೆಯದೂ ಒಂದೊಂದು ಖಡಕ್ಕು. ಅದಕ್ಕೇ ತೂಕದ ಜಾಗದಲ್ಲಿ 'ನಾಲಿಗೆ ಒಪ್ಪುವಷ್ಟು' ಎಂದು ಬರೆದಿದೆ.

"ಪೊಟ್ಟಣ ಇಲ್ಲ ಸಾರ್. ನಾಲಿಗೆ ಇದೆ" ಎಂದೆ. "ನೀವೀಗ ಇಳಿಸೋಕೆ ಹೊರಟಿದ್ರಲ್ಲ, ಅದೇ."

ಪುಡಿ ಮಾಸ್ಟರ್ ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಪುಡಿಯ ಡ್ರಮ್ಮು ತಿರುಗಿಸುತ್ತಿರುವವರು. ವಿಷಯ ಕೇಳಿ ಅವರು ತಲೆ ಮೇಲೆ ಕೈ ಹೊತ್ತುಕೊಂಡು, "ಅಯ್ಯೋ ಅಕ್ಕ, ನಾನೇ ಕೈಯಾರೆ ಹಾಕ್ತಿದ್ದೀನಲ್ಲ, ನನಗೂ ಗೊತ್ತಾಗ್ಲಿಲ್ವಾ!" ಎಂದರು. ಆಮೇಲೆ ತೋಳೇರಿಸಿ ಕೆಲಸಕ್ಕೆ ನಿಂತರು. ಮಧ್ಯಾಹ್ನದೊಳಗೆ ಆರು ತಟ್ಟೆ ತಯಾರಾದವು. ಮೊದಲನೆಯದು ಇವತ್ತಿನದು, ಆಮೇಲೆ ಒಂದಕ್ಕಿಂತ ಒಂದು ಹುಳಿ. ತಟ್ಟೆಗಳ ಕೆಳಗೆ ಸಂಖ್ಯೆ ಬರೆದು, ಯಾವುದು ಯಾವುದೆಂದು ತಿಳಿಯದ ಹಾಗೆ ಹಿಂದೆಮುಂದೆ ಮಾಡಿ, ಕ್ಯಾಂಟೀನಿನ ಮೂಲೆಯಲ್ಲಿ ಮಡಚಿಟ್ಟಿದ್ದ ದುಂಡು ಮೇಜನ್ನು ಒರೆಸಿ ನಡುವೆ ಎಳೆಸಿದೆ. ಗಂಡ ಸ್ಕೂಟರಿನಲ್ಲಿ ಹೋಗಿ ಅತ್ತೆಯನ್ನು ಕರೆತಂದರು.

ಅತ್ತೆ ಬಾಗಿಲಲ್ಲೇ ನಿಂತರು. "ಮತ್ತೆ ಯಾಕಪ್ಪ ಕರೆಸಿದ್ರಿ? ನಗೋದು ಇನ್ನೂ ಬಾಕಿ ಇತ್ತಾ?"

ಎಲ್ಲರ ಎದುರಿಗೆ ನಕ್ಕಿದ್ದೆ, ಆದ್ದರಿಂದ ಎಲ್ಲರ ಎದುರಿಗೇ ಹೇಳಿದೆ. "ಅತ್ತೆ, ನಿಮ್ಮ ನಾಲಿಗೆ ಸತ್ತಿರಲಿಲ್ಲ. ನಮ್ಮ ಐದು ಜನರದು ನಿದ್ದೆ ಮಾಡ್ತಿತ್ತು. ತಪ್ಪು ನಂದು. ಆವತ್ತು ಹಲ್ಲಿನ ಮೇಲೆ ಹಾಕಿ ನಗಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸಿಬಿಡಿ."

ಫೋಟೋಗಳ ವಿಷಯ, ತಿಂಗಳ ತಿಂಗಳ ಕೂದಲೆಳೆಯ ವಿಷಯ ಎಲ್ಲ ಹೇಳಿದೆ. ಅತ್ತೆ ಕೇಳುತ್ತ ಕೇಳುತ್ತ ಕುರ್ಚಿ ಎಳೆದುಕೊಂಡು ಕೂತರು. ಅವರ ಕಣ್ಣು ತುಂಬಿತ್ತು, ಆದರೆ ಬಾಯಿ ಸುಮ್ಮನಿರುವ ಜಾತಿಯದಲ್ಲ. "ಹೋದ ತಿಂಗಳಿನ ಜೊತೆ ಹೋಲ್ಸಿ ಅಂದಿದ್ದು ನಾನೇ ಅಲ್ವೇನೇ? ಅರ್ಧ ತಪ್ಪು ನಂದೂ ಇದೆ, ಎಲ್ಲಾ ನೀನೇ ಹೊತ್ಕೊಂಡು ಹೋಗ್ಬೇಡ. ಬಾ, ಕೂತ್ಕೋ ಪಕ್ಕದಲ್ಲಿ. ಆ ಹಲಗೆಗಳನ್ನ ಮೊದ್ಲು ಕಿತ್ತಾಕ್ಸು" ಎಂದರು.

ಎಲ್ಲರೂ ಸುತ್ತ ಕೂತೆವು, ಐದು ಜನ ತೀರ್ಪುಗಾರರು, ಯಜಮಾನರು, ಅತ್ತೆ. ಪುಡಿ ಮಾಸ್ಟರ್ ತಟ್ಟೆ ಹಿಡಿದು ಹಿಂದೆ ನಿಂತರು. ಗಂಡ ಕ್ಯಾಮೆರಾ ಹಿಡಿದು ಎದುರಿಗೆ ನಿಂತರು. ಮೊದಲ ತಟ್ಟೆಗೆ ಅತ್ತೆ, "ಸಪ್ಪೆ" ಎಂದರು. ಎರಡನೆಯದಕ್ಕೆ, "ಇದು ಇನ್ನೂ ಸಪ್ಪೆ, ಇದು ಇವತ್ತಿನ ಮಾಲು" ಎಂದು ಕಂಡುಹಿಡಿದುಬಿಟ್ಟರು. ಪುಡಿ ಮಾಸ್ಟರ್ ತಟ್ಟೆಯ ಕೆಳಗೆ ನೋಡಿ ಬೆಪ್ಪಾದರು. ಮೂರನೆಯದನ್ನು ತಿಂದವರೇ ನೀರಿಗೆ ಕೈ ಚಾಚಿ, "ಇದು ಕೊಲೆ! ಜನ ಆಸ್ಪತ್ರೆಗೆ ಓಡ್ತಾರೆ" ಎಂದರು. ಯಜಮಾನರು ಕೆಮ್ಮುತ್ತ ಹೌದೌದು ಎಂದು ತಲೆಯಾಡಿಸಿದರು. ನಾಲ್ಕನೆಯದು ಹತ್ತಿರ ಬಂತು, ಆದರೆ ಅದೂ ಅಲ್ಲ. ಎಲ್ಲರೂ ನೀರು ಕುಡಿದೆವು, ಬ್ರೆಡ್ಡು ಜಗಿದೆವು. ಉಳಿದ ಎರಡರಲ್ಲಿ ಇರದಿದ್ದರೆ ಹೇಗೆ ಎಂದು ಹೆದರಿಕೆಯಾಯಿತು.

ಐದನೆಯ ತಟ್ಟೆಯ ಸಂಖ್ಯೆ ಐನೂರ ಎಂಬತ್ತಮೂರು. ಎಲ್ಲರೂ ಒಂದೊಂದು ಎತ್ತಿಕೊಂಡೆವು. "ಒಟ್ಟಿಗೇ ಕಚ್ಚಿ" ಎಂದು ಗಂಡ ಕೂಗಿದರು. ಕ್ಲಿಕ್ ಎಂದಿತು.

ಅತ್ತೆ ಎರಡೂ ಕೈಯಿಂದ ಮೇಜು ಕುಟ್ಟಿದರು. "ಇದೇ! ಇದೇ ಕಣ್ರೋ, ಇದೇ!" ಎಂದು ಕೂಗಿ, ಬಾಯಿ ತುಂಬ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೆರಡು ಚಿಪ್ಸು ಬಾಯಿಗಿಟ್ಟುಕೊಂಡರು. ಚಪ್ಪಾಳೆ ಬಿತ್ತು. ಈ ಸಲ ರಿಜಿಸ್ಟರಿನಲ್ಲಿ ನಾನು ಮೊದಲೇ ಏನೂ ಬರೆದಿರಲಿಲ್ಲ.

ಗಂಡನ ಮುಖ ಮಾತ್ರ ಸಪ್ಪಗಾಗಿತ್ತು. ಕ್ಯಾಮೆರಾದ ಪರದೆ ನೋಡುತ್ತ, "ಎಲ್ಲಾ ಹಾಳಾಯ್ತು. ಮತ್ತೆ ಹಳೇ ಕಾಲದ ಹಾಗೆ ಕಣ್ಣು ಮುಚ್ಕೊಂಡಿದೀರಿ. ಇನ್ನೊಂದು ಸಲ ತೆಗೀತೀನಿ, ನಿಂತ್ಕೊಳ್ಳಿ" ಎಂದರು.

"ಮುಟ್ಟಿದ್ರೆ ನೋಡು" ಎಂದರು ಅತ್ತೆ. "ಅದನ್ನೇ ತೂಗುಹಾಕು."

ಈಗ ಆ ಫೋಟೋ ಓಣಿಯಲ್ಲಿಲ್ಲ, ರುಚಿ ಕೋಣೆಯ ಒಳಗೇ ಇದೆ, ಅತ್ತೆಯ ಹಳದಿ ಚೀಟಿಯ ಪಕ್ಕದಲ್ಲಿ. ಹಲಗೆಗಳನ್ನು ಕೀಳಿಸಿದ್ದೇವೆ. ಮೊದಲು ಮುಖ ನೋಡುತ್ತೇವೆ, ಆಮೇಲೆ ಹೋದ ತಿಂಗಳಿನ ಬಟ್ಟಲು. ನಿಯಮದ ಪುಸ್ತಕದಲ್ಲಿ ಹುಳಿಯ ಅಳತೆ ಎಂಬಲ್ಲಿ ನಾನೇ ನನ್ನ ಕೈಯಾರೆ 'ಒಂದು ಕಣ್ಣು' ಎಂದು ಬರೆದಿದ್ದೇನೆ. ಕಣ್ಣು ಮುಚ್ಚದಿದ್ದರೆ ಕಮ್ಮಿ, ಎರಡೂ ಮುಚ್ಚಿದರೆ ಜಾಸ್ತಿ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಫೋಟೋ ತೋರಿಸಿ ಹೇಳಿಕೊಡುತ್ತೇನೆ. ಅದರಲ್ಲಿ ಅತ್ತೆಯ ಬಲಗಣ್ಣು ಬಿಗಿಯಾಗಿ ಮುಚ್ಚಿದೆ, ಭುಜ ಕಿವಿಗೇರಿದೆ. ಯಜಮಾನರ ಮುಖ ಥೇಟ್ ಅವರ ಅಪ್ಪನದೇ. ಉಳಿದ ನಾಲ್ವರದೂ ಒಂದೊಂದು ಕಣ್ಣು ಮುಚ್ಚಿದೆ.

ನನ್ನವು ಎರಡೂ ತೆರೆದಿವೆ. ಯಾಕೆ ಎಂದು ಹೊಸಬರು ಕೇಳುತ್ತಾರೆ. ಹತ್ತಿರ ಹೋಗಿ ನೋಡಿ ಎನ್ನುತ್ತೇನೆ. ನನ್ನ ಚಿಪ್ಸು ಇನ್ನೂ ಕೈಯಲ್ಲೇ ಇದೆ, ಕಚ್ಚುವುದನ್ನೇ ಮರೆತಿದ್ದೇನೆ. ನಾನು ಅತ್ತೆಯ ಮುಖ ನೋಡುತ್ತಿದ್ದೇನೆ.